ಹಳೆಯ ಫ್ಯಾಟ್ ಟೈರ್ ರುಚಿಯ ಅಂಬರ್ ಏಲ್: 19 ಲೀಟರಿಗೆ ಪೂರ್ತಿ ಲೆಕ್ಕ

ನಮಸ್ಕಾರ. ನೀವು ಕೇಳಿದ್ದು ಇಷ್ಟು: ಈಗ ಅಂಗಡಿಯಲ್ಲಿ ಸಿಗುವ ಫ್ಯಾಟ್ ಟೈರ್ ಬಿಯರ್ ಮೊದಲಿನ ಹಾಗಿಲ್ಲ, ಹಳೆಯದರ ರುಚಿಯನ್ನು ಮನೆಯಲ್ಲಿ ತರಬಹುದೇ? 30 ಲೀಟರಿನ ಪಾತ್ರೆಯೂ ಬಟ್ಟೆ ಚೀಲವೂ ಇವೆ. ಒಮ್ಮೆ 700 ಗ್ರಾಂ ಕ್ರಿಸ್ಟಲ್ 60 ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ; ಅಂಕಿ ಬಣ್ಣದ ಗಾಢತೆ) ಹಾಕಿ ಮಾಡಿದಾಗ ಬಣ್ಣ ಸರಿ ಬಂತು, ಆದರೆ ಸಿಹಿ ಜಾಸ್ತಿಯಾಗಿ ಎರಡನೇ ಗ್ಲಾಸು ಬೇಡವೆನಿಸಿತು.

ಖಂಡಿತ ತರಬಹುದು. ರುಚಿ ಬದಲಾಗಿದೆ ಅಂತ ನಿಮಗೆ ಅನಿಸಿದ್ದೂ ನಿಜ. ಕೊಲೊರಾಡೊದ ಫೋರ್ಟ್ ಕಾಲಿನ್ಸ್‌ನಲ್ಲಿರುವ ನ್ಯೂ ಬೆಲ್ಜಿಯಂ ಕಂಪನಿ 1991ರಿಂದ ಮಾಡುತ್ತಿದ್ದ ಈ ಅಂಬರ್ ಏಲನ್ನು (ಕೆಂಗಂದು ಬಣ್ಣದ ಬಿಯರನ್ನು) 2023ರ ಜನವರಿಯಲ್ಲಿ ತಿಳಿ ಹೊಂಬಣ್ಣದ, ಹಗುರ ರುಚಿಯ ಬಿಯರ್ ಆಗಿ ಬದಲಿಸಿತು. ಆಲ್ಕೋಹಾಲ್ ಮಾತ್ರ ಅದೇ ಶೇಕಡ 5.2. ಹಳೆಯದಕ್ಕೆ ಕಂಪನಿ ಹೆಸರಿಸುತ್ತಿದ್ದ ಮಾಲ್ಟ್‌ಗಳು ಪೇಲ್, ಮ್ಯೂನಿಕ್, ವಿಕ್ಟರಿ ಮತ್ತು ಕ್ರಿಸ್ಟಲ್ 80. ಕಹಿಗೂ ಪರಿಮಳಕ್ಕೂ ಹಾಕುವ ಹಾಪ್ಸ್ ಹೂಗಳು ನಗೆಟ್, ವಿಲಾಮೆಟ್ ಮತ್ತು ಗೋಲ್ಡಿಂಗ್ಸ್. ಕಹಿ 22 ಐಬಿಯು (ಬಿಯರಿನ ಕಹಿಯ ಅಳತೆ). ಕೆಳಗಿನ ತೂಕಗಳು ಈ ಅಂಕಿಗಳಿಗೆ ಹೊಂದುವಂತೆ ನಾನು ಹಾಕಿದ ಲೆಕ್ಕ.

ಮೊದಲು ನಿಮ್ಮ ಸಿಹಿಯ ವಿಷಯ. ಅಂಬರ್ ಅಂದ ಕೂಡಲೇ ಕ್ರಿಸ್ಟಲ್ ಮಾಲ್ಟ್ ಸುರಿಯುವುದು ಬಹಳ ಜನ ಮಾಡುವ ಕೆಲಸ. ಕ್ರಿಸ್ಟಲ್ ಬಣ್ಣ ಕೊಡುತ್ತದೆ ನಿಜ, ಆದರೆ ಅದರೊಳಗಿನ ಸಕ್ಕರೆಯಲ್ಲಿ ಒಂದು ಪಾಲನ್ನು ಯೀಸ್ಟ್ ತಿನ್ನಲಾರದು, ಅದು ಹಾಗೇ ಉಳಿಯುತ್ತದೆ. ಫ್ಯಾಟ್ ಟೈರ್‌ನ ಗುರುತು ಸಿಹಿಯಲ್ಲ, ಬೇಕರಿಯ ರಸ್ಕ್ ಮುರಿದಾಗ ಬರುವಂಥ ಹುರಿದ ಬ್ರೆಡ್ಡಿನ ಪರಿಮಳ. ಅದು ಬರುವುದು ವಿಕ್ಟರಿ ಮಾಲ್ಟಿನಿಂದ, ಅದಕ್ಕೆ ಒತ್ತಾಸೆ ಮ್ಯೂನಿಕ್‌ನಿಂದ. ಕಂಪನಿ ಕಟ್ಟಿದ ಇಬ್ಬರಲ್ಲಿ ಒಬ್ಬರಾದ ಜೆಫ್ ಲೆಬೆಶ್ ಸ್ವತಃ ಮನೆಯಲ್ಲಿ ಬಿಯರ್ ಮಾಡುತ್ತಿದ್ದವರು. ಬೆಲ್ಜಿಯಂನಲ್ಲಿ ದಪ್ಪ ಟೈರಿನ ಸೈಕಲ್ ಮೇಲೆ ಸುತ್ತಿ ಬಂದು ಇದನ್ನು ರೂಪಿಸಿದರು, ಹೆಸರೂ ಅಲ್ಲಿಂದಲೇ ಬಂದದ್ದು. ಹಾಗಾಗಿ ವಿಕ್ಟರಿ ಸಿಗದಿದ್ದರೆ ಬೆಲ್ಜಿಯಂನ ಬಿಸ್ಕೆಟ್ ಮಾಲ್ಟನ್ನು ಅಷ್ಟೇ ತೂಕಕ್ಕೆ ಧೈರ್ಯವಾಗಿ ಹಾಕಿ. ಅದರ ಬದಲು ಇನ್ನಷ್ಟು ಕ್ರಿಸ್ಟಲ್ ಮಾತ್ರ ಬೇಡ.

ಬೇಕಾಗುವುದು:

ಪೇಲ್ ಮಾಲ್ಟ್, ಅಮೆರಿಕದ ಟು-ರೋ: 3.8 ಕೆಜಿ
ಮ್ಯೂನಿಕ್ 10: 450 ಗ್ರಾಂ
ವಿಕ್ಟರಿ: 250 ಗ್ರಾಂ
ಕ್ರಿಸ್ಟಲ್ 80: 250 ಗ್ರಾಂ
ನಗೆಟ್, ಆಲ್ಫಾ ಆಮ್ಲ (ಕಹಿ ಕೊಡುವ ಅಂಶ) ಶೇ. 13: 9 ಗ್ರಾಂ, 60 ನಿಮಿಷ ಕುದಿಯಲು
ವಿಲಾಮೆಟ್, ಶೇ. 5: 15 ಗ್ರಾಂ, ಕೊನೆಯ 20 ನಿಮಿಷಕ್ಕೆ
ಗೋಲ್ಡಿಂಗ್ಸ್, ಶೇ. 5: 15 ಗ್ರಾಂ, ಕೊನೆಯ 10 ನಿಮಿಷಕ್ಕೆ
ಸೇಫೇಲ್ ಯುಎಸ್-05 ಯೀಸ್ಟ್: 11.5 ಗ್ರಾಂನ ಒಂದು ಪೊಟ್ಟಣ
ವರ್ಲ್‌ಫ್ಲಾಕ್ (ಬಿಯರ್ ತಿಳಿಯಾಗಿಸುವುದು): ಅರ್ಧ ಮಾತ್ರೆ

ಇದು ಶೇಕಡ 70ರ ಇಳುವರಿಗೆ, ಅಂದರೆ ಮಾಲ್ಟಿನ ಸಕ್ಕರೆಯಲ್ಲಿ ಅಷ್ಟು ಪಾಲು ನೀರಿಗೆ ಇಳಿಯುತ್ತದೆಂದು, ಹಾಕಿದ ಲೆಕ್ಕ. ಕುದಿ ಮುಗಿದಾಗ ಪಾತ್ರೆಯಲ್ಲಿ 20 ಲೀಟರ್, ಗಸಿ ಬಿಟ್ಟು ಫರ್ಮೆಂಟರಿಗೆ (ಹುದುಗು ಬರಿಸುವ ಬಕೆಟ್ಟಿಗೆ) 19 ಲೀಟರ್. ಶುರುವಿನ ಸಾಂದ್ರತೆ (ನೀರು 1.000 ಎಂದುಕೊಂಡು) 1.051, ಕೊನೆಯದು 1.011ರ ಆಸುಪಾಸು. ನಿಮ್ಮ ಹಾಪ್ಸ್ ಪ್ಯಾಕೆಟ್ಟಿನ ಮೇಲೆ ಆಲ್ಫಾ ಬೇರೆ ಇದ್ದರೆ ನಗೆಟ್ ಒಂದನ್ನೇ ಸರಿಮಾಡಿಕೊಳ್ಳಿ: 13ನ್ನು 9ರಿಂದ ಗುಣಿಸಿ, ಪ್ಯಾಕೆಟ್ಟಿನ ಅಂಕಿಯಿಂದ ಭಾಗಿಸಿ. ಉಳಿದೆರಡು ಪರಿಮಳಕ್ಕೆ ಹಾಕುವಂಥವು, ಅವುಗಳ ತೂಕ ಹಾಗೇ ಇರಲಿ. ಒಂಬತ್ತು ಗ್ರಾಂ ಅಳೆಯಲು ಅಡುಗೆಮನೆಯ ದೊಡ್ಡ ತಕ್ಕಡಿ ಸಾಲದು, 0.1 ಗ್ರಾಂ ತೋರಿಸುವ ಪುಟ್ಟ ತಕ್ಕಡಿ ಇಟ್ಟುಕೊಳ್ಳಿ.

ನೀರಿನ ವಿಷಯದಲ್ಲಿ ಉದಾಸೀನ ಬೇಡ. ಫೋರ್ಟ್ ಕಾಲಿನ್ಸ್‌ಗೆ ನೀರು ಬರುವುದು ಪೂಡರ್ ನದಿಯಿಂದ ಮತ್ತು ಹಾರ್ಸ್‌ಟೂತ್ ಜಲಾಶಯದಿಂದ. ಹಿಮ ಕರಗಿ ಹರಿದು ಬರುವ, ಖನಿಜ ಕಡಿಮೆ ಇರುವ ಮೆದು ನೀರು ಅದು. ನಿಮ್ಮೂರಿನ ನೀರು ಗಡುಸಾಗಿದ್ದರೆ ಅಂಗಡಿಯ ಆರ್‌ಓ ನೀರು ತಂದು, 28 ಲೀಟರಿಗೆ ಕ್ಯಾಲ್ಸಿಯಂ ಕ್ಲೋರೈಡ್ 4 ಗ್ರಾಂ, ಜಿಪ್ಸಂ 2 ಗ್ರಾಂ ಕಲಸಿ. ಕ್ಲೋರೈಡ್ ಹೆಚ್ಚಿದ್ದರೆ ಮಾಲ್ಟಿನ ರುಚಿ ದುಂಡಗಾಗುತ್ತದೆ. ಜಿಪ್ಸಂ ಹೆಚ್ಚಾದರೆ ಕಹಿ ಚೂಪಾಗುತ್ತದೆ, ಅದು ಈ ಬಿಯರಿಗೆ ಹೊಂದುವುದಿಲ್ಲ. ನಲ್ಲಿ ನೀರೇ ಬಳಸುವುದಾದರೆ ಕ್ಲೋರಿನ್ ತೆಗೆಯುವ ಕ್ಯಾಂಪ್ಡೆನ್ ಮಾತ್ರೆ ಅರ್ಧ ಪುಡಿಮಾಡಿ ಹಾಕಿ ಕಲಕಿ. ಅಮೆರಿಕದ ಬಹಳಷ್ಟು ಊರುಗಳಲ್ಲಿ ನೀರಿನ ಶುದ್ಧಿಗೆ ಕ್ಲೋರಮೈನ್ ಹಾಕುತ್ತಾರೆ. ರಾತ್ರಿಯಿಡೀ ತೆರೆದಿಟ್ಟರೂ, ಒಂದಷ್ಟು ಹೊತ್ತು ಕುದಿಸಿದರೂ ಅದು ಪೂರ್ತಿ ಹೋಗುವುದಿಲ್ಲ. ಉಳಿದರೆ ಬಿಯರಿಗೆ ಬ್ಯಾಂಡೇಜಿನ, ಆಸ್ಪತ್ರೆಯ ವಾಸನೆ ಬರುತ್ತದೆ. ಒಮ್ಮೆ ಬಂದ ಮೇಲೆ ತೆಗೆಯುವ ಉಪಾಯ ಇಲ್ಲ.

ನಿಮ್ಮ 30 ಲೀಟರ್ ಪಾತ್ರೆಗೆ 28 ಲೀಟರನ್ನೂ ಒಟ್ಟಿಗೆ ಹಾಕಿದರೆ ಮಾಲ್ಟ್ ಬಿದ್ದಾಗ ತುಂಬಿ ಚೆಲ್ಲುತ್ತದೆ. 24 ಲೀಟರನ್ನು 72 ಡಿಗ್ರಿ ಸೆಲ್ಸಿಯಸ್‌ಗೆ, ಅಂದರೆ 162 ಫ್ಯಾರನ್‌ಹೀಟ್‌ಗೆ ಕಾಯಿಸಿ. ಒಲೆ ಆರಿಸಿ, ಚೀಲ ಇಳಿಬಿಟ್ಟು, ಪುಡಿಮಾಡಿದ ಮಾಲ್ಟನ್ನು ಒಂದೊಂದೇ ಬಟ್ಟಲು ಹಾಕುತ್ತಾ ಗಂಟಾಗದಂತೆ ಕಲಕಿ. ಮಾಲ್ಟ್ 20 ಡಿಗ್ರಿಯ ಕೋಣೆಯಲ್ಲಿದ್ದರೆ ಬೆರೆತ ಮೇಲೆ 68ಕ್ಕೆ ನಿಲ್ಲುತ್ತದೆ. ಮುಚ್ಚಳ ಹಾಕಿ, ಹಳೆಯ ಕಂಬಳಿ ಸುತ್ತಿ 60 ನಿಮಿಷ ಬಿಡಿ. ಕಂಬಳಿ ಸುತ್ತಿದ ಮೇಲೆ ಒಲೆ ಹಚ್ಚಬೇಡಿ. ಚೀಲದ ತಳ ಪಾತ್ರೆಗೆ ತಾಗಿ ಕರಗಿ ಹೋಗುವುದೂ ಉಂಟು, ಬೆಂಕಿಯ ಅಪಾಯವಂತೂ ಇದ್ದೇ ಇದೆ.

68 ಯಾಕೆ ಅಂದರೆ, ಯುಎಸ್-05 ಸಕ್ಕರೆಯನ್ನು ಚೆನ್ನಾಗಿ ತಿನ್ನುವ ಯೀಸ್ಟ್. ಮ್ಯಾಶ್ (ಬಿಸಿನೀರಿನಲ್ಲಿ ನೆನೆಯುವ ಮಾಲ್ಟ್) 64-65ರಲ್ಲಿ ನಿಂತರೆ ಬಿಯರ್ ಒಣಗಿ ತೆಳ್ಳಗಾಗುತ್ತದೆ. 70 ದಾಟಿದರೆ ನಿಮ್ಮ ಹಿಂದಿನ ಬ್ಯಾಚಿನ ಭಾರವೇ ಮತ್ತೆ ಬರುತ್ತದೆ. ಕ್ರಿಸ್ಟಲ್ ಕಡಿಮೆ ಮಾಡಿ ಮ್ಯಾಶ್ ಅನ್ನು ಸ್ವಲ್ಪ ಮೇಲಿಟ್ಟರೆ ಸಿಹಿ ಇಲ್ಲದೆ ಮೈ (ಬಾಯಿ ತುಂಬಿದ ಅನುಭವ) ಬರುತ್ತದೆ. ಥರ್ಮಾಮೀಟರ್ ಎರಡು ಡಿಗ್ರಿ ತಪ್ಪು ತೋರಿಸಿದರೂ ಈ ಲೆಕ್ಕವೆಲ್ಲ ಕೆಡುತ್ತದೆ. ಮೊದಲೇ ಐಸ್ ನೀರಿನಲ್ಲಿ ಅದ್ದಿ 0 ತೋರಿಸುತ್ತದೆಯೇ ನೋಡಿ.

ಗಂಟೆ ಕಳೆದ ಮೇಲೆ ಚೀಲ ಎತ್ತಿ ಪಾತ್ರೆಯ ಮೇಲೆ ಜಾಲರಿಯಲ್ಲಿಟ್ಟು, ಉಳಿಸಿದ 4 ಲೀಟರ್ ನೀರನ್ನು ನಿಧಾನವಾಗಿ ಮೇಲಿಂದ ಸುರಿಯಿರಿ. ನೀರು 75 ಡಿಗ್ರಿ ಮೀರಬಾರದು. ಅದಕ್ಕಿಂತ ಬಿಸಿಯಾದರೆ ಸಿಪ್ಪೆಯಿಂದ ಒಗರು ಇಳಿಯುತ್ತದೆ. ವಿಕ್ಟರಿ ಇರುವ ಬಿಯರಿನಲ್ಲಿ ಆ ಒಗರು ಸುಟ್ಟ ಕಡಲೆಯ ಹಾಗೆ ಎದ್ದು ಕಾಣುತ್ತದೆ. ಚೀಲವನ್ನು ಹಿಂಡಿ, ಅದರಿಂದ ತೊಂದರೆ ಇಲ್ಲ. ಈಗ ಸುಮಾರು 24 ಲೀಟರ್, 1.042 ಇರಬೇಕು. ಸಾಂದ್ರತೆ ಅಳೆಯುವ ಹೈಡ್ರೋಮೀಟರಿಗೆ ಹಾಕುವ ಮೊದಲು ಮಾದರಿಯನ್ನು 20 ಡಿಗ್ರಿಗೆ ತಣಿಸಿ, ಬಿಸಿ ವೋರ್ಟ್ (ಮಾಲ್ಟಿನ ಸಿಹಿ ರಸ) ಅಳೆದರೆ ಅಂಕಿ ಕಡಿಮೆ ತೋರಿಸುತ್ತದೆ. ನಿಜಕ್ಕೂ ಕಡಿಮೆ ಇದ್ದರೆ 100 ಗ್ರಾಂ ಒಣ ಮಾಲ್ಟ್ ಎಕ್ಸ್‌ಟ್ರಾಕ್ಟ್‌ಗೆ ಒಂದೂವರೆ ಪಾಯಿಂಟ್ (0.0015) ಏರುತ್ತದೆ.

ಪದೇ ಪದೇ ಕಡಿಮೆ ಬರುತ್ತಿದ್ದರೆ ದೋಷ ಸಾಮಾನ್ಯವಾಗಿ ಪುಡಿಯದು. ಅಂಗಡಿಯ ಗಿರಣಿಯಲ್ಲಿ ಅಂತರ ಹೆಚ್ಚಿಟ್ಟಿರುತ್ತಾರೆ, ಇಡೀ ಕಾಳುಗಳು ಹಾಗೇ ಉಳಿಯುತ್ತವೆ. ಚೀಲದ ಪದ್ಧತಿಯಲ್ಲಿ ಸೋಸುವ ಚಿಂತೆ ಇಲ್ಲದ್ದರಿಂದ ಎರಡು ಸಲ ಗಿರಣಿಗೆ ಹಾಕಿಸಿ. ಒಂದೇ ಒಂದು ಇಡೀ ಕಾಳೂ ಕೈಗೆ ಸಿಗಬಾರದು.

ಕುದಿ 60 ನಿಮಿಷ, ಮುಚ್ಚಳ ತೆಗೆದೇ. 30 ಲೀಟರಿನ ಪಾತ್ರೆಯಲ್ಲಿ ಮೊದಲ ನೊರೆ ಏರುವಾಗ ಪಕ್ಕದಲ್ಲೇ ನಿಂತಿರಿ, ಉರಿ ತಗ್ಗಿಸಿ ಕಲಕಿದರೆ ಇಳಿಯುತ್ತದೆ. ನೊರೆ ಒಡೆದ ಮೇಲೆ ನಗೆಟ್ ಹಾಕಿ ಗಡಿಯಾರ ಶುರು ಮಾಡಿ. ಕೊನೆಯ 10 ನಿಮಿಷಕ್ಕೆ ಗೋಲ್ಡಿಂಗ್ಸ್ ಜೊತೆ ವರ್ಲ್‌ಫ್ಲಾಕ್ ಬೀಳಲಿ, ತಣಿಸುವ ತಾಮ್ರದ ಕಾಯಿಲ್ ಇದ್ದರೆ ಅದೂ ಆಗಲೇ ಇಳಿಯಲಿ, ಕುದಿಯಲ್ಲೇ ಶುದ್ಧವಾಗುತ್ತದೆ. ಒಲೆ ಆರಿಸಿ ಬೇಗ 18-20 ಡಿಗ್ರಿಗೆ ತಣಿಸಿ. ಸಾಂದ್ರತೆ ಹೆಚ್ಚು ಬಂದರೆ ನೀರು ಸೇರಿಸುವುದು ಸುಲಭ: 19 ಲೀಟರ್ 1.055 ಇದ್ದರೆ ಕುದಿಸಿ ಆರಿಸಿದ ಒಂದೂವರೆ ಲೀಟರ್ ನೀರಿಗೆ 1.051ಕ್ಕೆ ಬರುತ್ತದೆ.

ಇಲ್ಲಿಂದ ಮುಂದೆ ಬಿಯರಿಗೆ ಮುಟ್ಟುವುದೆಲ್ಲ ಶುದ್ಧವಾಗಿರಬೇಕು. ಶುದ್ಧಿ ದ್ರವ ಸ್ಟಾರ್ ಸ್ಯಾನ್ ಲೀಟರ್ ನೀರಿಗೆ ಒಂದೂವರೆ ಮಿಲಿಲೀಟರ್, ಎರಡು ನಿಮಿಷ ಒದ್ದೆಯಾಗಿದ್ದರೆ ಸಾಕು, ತೊಳೆಯಬೇಡಿ. ಆದರೆ ಕೊಳೆಯ ಮೇಲೆ ಅದು ಕೆಲಸ ಮಾಡುವುದಿಲ್ಲ. ಮೊದಲು ಉಜ್ಜಿ ತೊಳೆದಿರಬೇಕು. ನಲ್ಲಿ ಇರುವ ಬಕೆಟ್ಟಾದರೆ ನಲ್ಲಿಯನ್ನು ಬಿಚ್ಚಿ ತೊಳೆಯಿರಿ, ಹುಳಿ ಕಟ್ಟುವುದು ಹೆಚ್ಚಾಗಿ ಅಲ್ಲಿಂದಲೇ.

ವೋರ್ಟನ್ನು ಫರ್ಮೆಂಟರಿಗೆ ಎತ್ತರದಿಂದ ಸುರಿದು ನೊರೆ ಬರಿಸಿ, ಯೀಸ್ಟನ್ನು ಮೇಲೆ ಉದುರಿಸಿ. ಗಾಳಿ ಬೇಕಾಗುವುದು ಈ ಒಂದು ಹೊತ್ತಿಗೆ ಮಾತ್ರ. ಬಿಯರ್ ಒಳಗೆ 18 ಡಿಗ್ರಿ ಇರಬೇಕು. ಕೋಣೆ 18 ಇದ್ದರೆ ಸಾಲದು, ಹುದುಗು ಜೋರಾದಾಗ ಬಿಯರ್ ಕೋಣೆಗಿಂತ ಮೂರು-ನಾಲ್ಕು ಡಿಗ್ರಿ ಏರುತ್ತದೆ. ಫ್ರಿಜ್ ವ್ಯವಸ್ಥೆ ಇಲ್ಲದವರು ಬಕೆಟ್ಟನ್ನು ನೀರಿನ ಟಬ್ಬಿನಲ್ಲಿಟ್ಟು, ಒದ್ದೆ ಟವೆಲ್ ಹೊದಿಸಿ, ಬೆಳಗ್ಗೆ ಸಂಜೆ ಐಸ್ ಬಾಟಲಿ ಬದಲಿಸಿದರೂ ನಿಭಾಯಿಸಬಹುದು. ಮೊದಲ ನಾಲ್ಕು ದಿನ ಇದು ಮುಖ್ಯ. ಐದನೇ ದಿನದಿಂದ 20-21ಕ್ಕೆ ಏರಲು ಬಿಡಿ. ಬೆಣ್ಣೆಯ ವಾಸನೆ ಕೊಡುವ ಡಯಸಿಟೈಲನ್ನು ಯೀಸ್ಟ್ ಆ ಬಿಸುಪಿನಲ್ಲಿ ತಾನೇ ತಿಂದು ಮುಗಿಸುತ್ತದೆ. ಎರಡನೇ ಪಾತ್ರೆಗೆ ಬಗ್ಗಿಸುವ ಹಳೆಯ ಪದ್ಧತಿ ಬಿಟ್ಟುಬಿಡಿ, ಗಾಳಿ ಸೇರುವುದು ಬಿಟ್ಟರೆ ಅದರಿಂದ ಲಾಭವಿಲ್ಲ.

ಏರ್‌ಲಾಕ್ (ಮುಚ್ಚಳದಲ್ಲಿ ಅನಿಲ ಹೊರಬಿಡುವ ಕೊಳವೆ) ಗುಳ್ಳೆ ನಿಂತಿತೆಂದು ಬಾಟಲಿ ತುಂಬಬೇಡಿ. ಹನ್ನೆರಡನೇ ದಿನ ಒಂದು ಸಲ, ಮೂರು ದಿನ ಬಿಟ್ಟು ಇನ್ನೊಂದು ಸಲ ಅಳೆದು, ಎರಡೂ ಒಂದೇ ಇದ್ದರೆ ಮಾತ್ರ ಮುಂದುವರಿಯಿರಿ. ಹುದುಗು ಬಾಕಿ ಇದ್ದರೆ ಬಾಟಲಿ ಸಿಡಿದು ಗಾಜು ಕಣ್ಣಿಗೆ ಬೀಳಬಹುದು. ಬೆಳಕಿನಿಂದ ಸಕ್ಕರೆ ಅಳೆಯುವ ರಿಫ್ರಾಕ್ಟೋಮೀಟರ್ ನಂಬುವವರು ಗಮನಿಸಿ: ಆಲ್ಕೋಹಾಲ್ ಇರುವಾಗ ಅದು ಹೆಚ್ಚು ತೋರಿಸುತ್ತದೆ, ಇಲ್ಲಿ ಹೈಡ್ರೋಮೀಟರೇ ಬೇಕು. 1.020ರಲ್ಲಿ ನಿಂತುಬಿಟ್ಟಿದ್ದರೆ ಬಕೆಟ್ಟನ್ನು 21ಕ್ಕೆ ತಂದು ಮೆಲ್ಲಗೆ ಅಲ್ಲಾಡಿಸಿ ನಾಲ್ಕು ದಿನ ಕೊಡಿ.

ಬಾಟಲಿಗೆ ಸುಮಾರು 18 ಲೀಟರ್ ಉಳಿದಿರುತ್ತದೆ, 355 ಮಿಲಿಯ ಐವತ್ತು ಬಾಟಲಿ. ಮಾಮೂಲಿ ಸಕ್ಕರೆ 105 ಗ್ರಾಂ, ಒಂದು ಲೋಟ ನೀರಿನಲ್ಲಿ ಕುದಿಸಿ ಆರಿಸಿ, ಖಾಲಿ ಬಕೆಟ್ಟಿನ ತಳಕ್ಕೆ ಹಾಕಿ, ಅದರ ಮೇಲೆ ಬಿಯರನ್ನು ಸೈಫನ್ ಕೊಳವೆಯಿಂದ ಸದ್ದಿಲ್ಲದೆ ಇಳಿಸಿ. ಕೊಳವೆಯ ತುದಿ ಯಾವಾಗಲೂ ಬಿಯರಿನೊಳಗೆ ಮುಳುಗಿರಲಿ. ಅಂಬರ್ ಏಲ್ ಕೆಡುವುದು ಬಹುಪಾಲು ಈ ಹಂತದಲ್ಲೇ. ಗಾಳಿ ಸೇರಿದರೆ ಮೂರು ವಾರದಲ್ಲಿ ರಸ್ಕಿನ ಪರಿಮಳ ಹೋಗಿ ಒದ್ದೆ ರಟ್ಟಿನ ರುಚಿ ಬರುತ್ತದೆ, ಕೆಂಪು ಮಾಸಿ ಕಂದಾಗುತ್ತದೆ. ಹಾಗಾದಾಗ ಜನ ರೆಸಿಪಿಯನ್ನು ಬದಲಿಸಲು ಹೊರಡುತ್ತಾರೆ, ತಪ್ಪು ಮಾತ್ರ ಬಾಟಲಿ ತುಂಬುವಲ್ಲಿ ಆಗಿರುತ್ತದೆ. ಕಂದು ಬಾಟಲಿಯನ್ನೇ ಬಳಸಿ. ಹಸಿರು, ಬಿಳಿ ಗಾಜಿನಲ್ಲಿ ಬೆಳಕು ಬಿದ್ದು ಹಾಪ್ಸ್ ನಾರುತ್ತದೆ.

ಇಡೀ ಮ್ಯಾಶ್ ಕಷ್ಟವೆನ್ನುವವರಿಗೆ: 2 ಕೆಜಿ ತಿಳಿ ಬಣ್ಣದ ಒಣ ಮಾಲ್ಟ್ ಎಕ್ಸ್‌ಟ್ರಾಕ್ಟ್, ಪೇಲ್ 450 ಗ್ರಾಂ, ಉಳಿದ ಮೂರು ಮಾಲ್ಟ್ ಮೇಲಿನ ತೂಕದಲ್ಲೇ. ಕಾಳುಗಳನ್ನು 5 ಲೀಟರ್ ನೀರಿನಲ್ಲಿ 68 ಡಿಗ್ರಿಗೆ 60 ನಿಮಿಷ ಇಟ್ಟು ಚೀಲ ತೆಗೆದು, ನೀರು ಸೇರಿಸಿ ಎಕ್ಸ್‌ಟ್ರಾಕ್ಟ್ ಕರಗಿಸಿ. ವಿಕ್ಟರಿಯನ್ನು ಬರೀ ನೆನೆಸಿ ತೆಗೆಯುವ ಹಾಗಿಲ್ಲ. ಅದರಲ್ಲಿ ಪಿಷ್ಟ ಇದೆ, ಒಡೆಯುವ ಕಿಣ್ವ ಇಲ್ಲ. ಪೇಲ್ ಜೊತೆಗಿರಬೇಕಾದದ್ದು ಅದಕ್ಕೇ, ಇಲ್ಲದಿದ್ದರೆ ಬಿಯರ್ ಮಬ್ಬಾಗಿಯೇ ಉಳಿಯುತ್ತದೆ.

ಖರ್ಚಿನ ಬಗ್ಗೆ: ಪೇಲ್ ಮಾಲ್ಟನ್ನು ಇಡೀ ಮೂಟೆ ಕೊಂಡರೆ, ಹಾಪ್ಸ್ ಪ್ಯಾಕೆಟ್ಟನ್ನು ಗಾಳಿ ತೆಗೆದು ಫ್ರೀಜರಿನಲ್ಲಿಟ್ಟರೆ ಬಾಟಲಿಯ ಲೆಕ್ಕ ಚೆನ್ನಾಗಿ ಇಳಿಯುತ್ತದೆ. ಕ್ರಿಸ್ಟಲ್, ವಿಕ್ಟರಿ ಮಾತ್ರ ಬೇಕಾದಷ್ಟೇ ತನ್ನಿ, ಪುಡಿ ಮಾಡಿಟ್ಟರೆ ಪರಿಮಳ ಹೋಗುತ್ತದೆ.

ಕರ್ನಾಟಕದಿಂದ ಓದುತ್ತಿರುವವರಿಗೆ ಒಂದು ಮಾತು. ಅಮೆರಿಕದಲ್ಲಿ 1978ರ ಒಕ್ಕೂಟ ಕಾನೂನಿನಂತೆ ಮನೆ ಬಳಕೆಗೆ, ಮಾರದೆ, ವರ್ಷಕ್ಕೆ ಒಬ್ಬ ವಯಸ್ಕರಿರುವ ಮನೆಯಲ್ಲಿ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಇದ್ದರೆ 200 ಗ್ಯಾಲನ್ ಬಿಯರ್ ಮಾಡಬಹುದು. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಈ ಲೆಕ್ಕ ಅನುಮತಿ ಇರುವಲ್ಲಿ ಇರುವವರಿಗೆ.

ಬಾಟಲಿಗಳನ್ನು 20-21 ಡಿಗ್ರಿಯ ಕತ್ತಲೆಯಲ್ಲಿ ಎರಡು ವಾರ, ಆಮೇಲೆ ಫ್ರಿಜ್ಜಿನಲ್ಲಿ ಮೂರು ದಿನ ನಿಲ್ಲಿಸಿಡಿ. ಎರಡು-ಮೂರು ತಿಂಗಳೊಳಗೆ ಮುಗಿಸಿ. ರುಚಿ ನೋಡಿದ ಮೇಲೆ ತಿದ್ದುವುದಿದ್ದರೆ ಒಂದು ಸಲಕ್ಕೆ ಒಂದೇ ಬದಲಾವಣೆ: ಇನ್ನೂ ಸಿಹಿ ಎನಿಸಿದರೆ ಮ್ಯಾಶ್ 67ಕ್ಕೆ ಇಳಿಸಿ, ರಸ್ಕಿನ ಪರಿಮಳ ಸಾಲದಿದ್ದರೆ ವಿಕ್ಟರಿ 50 ಗ್ರಾಂ ಹೆಚ್ಚಿಸಿ, ಕೆಂಪು ಇನ್ನಷ್ಟು ಬೇಕಿದ್ದರೆ ಹುರಿದ ಬಾರ್ಲಿ 25 ಗ್ರಾಂ ಸೇರಿಸಿ. ಅಷ್ಟಕ್ಕೆ ಬಣ್ಣ ಬರುತ್ತದೆ, ಸುಟ್ಟ ರುಚಿ ತಿಳಿಯುವುದಿಲ್ಲ. ಕೊನೆಯ ಸಾಂದ್ರತೆ ಎಷ್ಟಕ್ಕೆ ನಿಂತಿತು, ಮ್ಯಾಶ್ ಮುಗಿದಾಗ ಎಷ್ಟು ಡಿಗ್ರಿ ಇತ್ತು, ಈ ಎರಡನ್ನೂ ಬರೆದು ಹಾಕಿ. ಮುಂದಿನ ಬ್ಯಾಚಿಗೆ ಏನು ತಿದ್ದಬೇಕೆಂದು ಅವುಗಳಿಂದಲೇ ನೋಡಬಹುದು.