150 ಜನರ ಓದುಗರ ಬಳಗಕ್ಕೆ ನಮ್ಮದೇ ಮಾಸ್ಟೊಡಾನ್ ಸರ್ವರ್ ಹಾಕಿಕೊಳ್ಳಬಹುದೇ?

ನೀವು ಕೇಳಿದ್ದು ಇಷ್ಟು: ಫೇಸ್‌ಬುಕ್ ಗುಂಪಿನಲ್ಲಿರುವ ಸುಮಾರು 150 ಜನ ಕನ್ನಡ ಓದುಗರು ಜಾಹೀರಾತು, ಅಲ್ಗಾರಿದಮ್‌ಗಳ ಕಾಟಕ್ಕೆ ಬೇಸತ್ತು ಸ್ವಂತ ಮಾಸ್ಟೊಡಾನ್ ಸರ್ವರ್ ಹಾಕಬೇಕೆಂದಿದ್ದೀರಿ. (ಮಾಸ್ಟೊಡಾನ್ ಟ್ವಿಟರ್‌ನಂಥದ್ದೇ ಜಾಲತಾಣ, ಆದರೆ ಒಂದೇ ಕಂಪನಿಯದಲ್ಲ: ಬೇರೆಬೇರೆಯವರು ನಡೆಸುವ ಸರ್ವರ್‌ಗಳು ಒಂದಕ್ಕೊಂದು ಮಾತಾಡಿಕೊಳ್ಳುತ್ತವೆ.) ಖರ್ಚೆಷ್ಟು, ಕೆಲಸವೆಷ್ಟು, ಜವಾಬ್ದಾರಿ ಏನೇನು?

ಹಾಕಬಹುದು. ಲಿನಕ್ಸ್ ಬಲ್ಲವರಿಗೆ ಅದು ಒಂದು ಶನಿವಾರ-ಭಾನುವಾರದ ಕೆಲಸ. ಆಮೇಲೆ ಅದನ್ನು ನೋಡಿಕೊಳ್ಳುವುದಕ್ಕೆ ಮಾತ್ರ ಕೊನೆಯೇ ಇಲ್ಲ. ಹಾಗಾಗಿ ದುಡ್ಡು ಕಟ್ಟುವ ಮೊದಲು ಮೂರು ಜನರನ್ನು ಗೊತ್ತುಮಾಡಿಕೊಳ್ಳಿ: ಸರ್ವರ್ ನೋಡುವವರು ಒಬ್ಬರು, ದೂರು ನೋಡುವವರು ಒಬ್ಬರು, ಮೊದಲನೆಯವರು ಆಸ್ಪತ್ರೆಯಲ್ಲೋ ಪ್ರವಾಸದಲ್ಲೋ ಇದ್ದಾಗ ಕೈಹಾಕಬಲ್ಲವರು ಇನ್ನೊಬ್ಬರು. ಈ ಮೂರನೆಯವರ ಬಳಿ ಎಸ್‌ಎಸ್‌ಎಚ್ ಕೀಲಿ (ದೂರದಿಂದ ಸರ್ವರ್ ಒಳಹೋಗುವ ಡಿಜಿಟಲ್ ಕೀಲಿ), ಡೊಮೈನ್ (ಸರ್ವರ್‌ನ ವೆಬ್ ವಿಳಾಸ) ಖಾತೆಯ ಪಾಸ್‌ವರ್ಡ್, ಬ್ಯಾಕಪ್ ಇಟ್ಟ ಜಾಗದ ಪಾಸ್‌ವರ್ಡ್ ಮೂರೂ ಇರಬೇಕು. ಮಾಸ್ಟೊಡಾನ್ ಸಂಸ್ಥೆ ತನ್ನ ಪಟ್ಟಿಗೆ ಸರ್ವರ್ ಸೇರಿಸಿಕೊಳ್ಳಲು ಹಾಕುವ ಷರತ್ತುಗಳೂ ಹೆಚ್ಚುಕಡಿಮೆ ಇವೇ: ದ್ವೇಷದ ಬರಹಗಳ ಮೇಲೆ ಕ್ರಮ, ದಿನಾ ಬ್ಯಾಕಪ್, ತುರ್ತಿಗೆ ಇನ್ನೊಬ್ಬರ ಕೈಯಲ್ಲಿ ಪ್ರವೇಶ, ಮುಚ್ಚುವುದಾದರೆ ಮೂರು ತಿಂಗಳ ಮುನ್ಸೂಚನೆ. ನೀವು ಆ ಪಟ್ಟಿಗೆ ಸೇರದಿದ್ದರೂ ಈ ನಾಲ್ಕನ್ನು ಒಪ್ಪಿಕೊಂಡೇ ಶುರುಮಾಡಿ. ಮೂರು ಜನ ಸಿಗಲಿಲ್ಲವೋ, ಈಗಾಗಲೇ ನಡೆಯುತ್ತಿರುವ ಸರ್ವರ್ ಒಂದಕ್ಕೆ ಎಲ್ಲರೂ ಹೋಗಿ ಸೇರಿ. ಅದರಲ್ಲಿ ಸಣ್ಣತನವೇನೂ ಇಲ್ಲ.

ಇನ್ನೊಂದು ಮಾತು. ಮಾಸ್ಟೊಡಾನ್ ಬಾಗಿಲು ಹಾಕಿಕೊಂಡು ಕೂತು ಹರಟುವ ಕೋಣೆಯಲ್ಲ, ಜಗಲಿ. ಖಾಸಗಿ ಸಂದೇಶಗಳಿಗೂ ಅದರಲ್ಲಿ ಗೂಢಲಿಪಿಯ ರಕ್ಷಣೆ ಇಲ್ಲ. ಡೇಟಾಬೇಸ್ ಕೈಯಲ್ಲಿರುವ ನಿರ್ವಾಹಕರು ಮನಸ್ಸು ಮಾಡಿದರೆ ಓದಬಹುದು. ಸದಸ್ಯರಿಗೆ ಇದನ್ನು ಮೊದಲ ದಿನವೇ ಹೇಳಿಬಿಡಿ.

ಡೊಮೈನ್ ಹೆಸರು ಆರಿಸುವಾಗ ಅವಸರ ಬೇಡ. ಲೋಕಲ್ ಡೊಮೈನ್ ಎಂದು ಸೆಟ್ಟಿಂಗ್ ಫೈಲಿನಲ್ಲಿ ಒಮ್ಮೆ ಬರೆದದ್ದನ್ನು ಆಮೇಲೆ ಬದಲಿಸುವಂತಿಲ್ಲ. ಬದಲಿಸಿದರೆ ಬೇರೆ ಸರ್ವರ್‌ಗಳ ಕಣ್ಣಿಗೆ ನಿಮ್ಮವರೆಲ್ಲ ಅಪರಿಚಿತರು, ಫಾಲೋವರ್‌ಗಳೆಲ್ಲ ಹೋದಂತೆ. ಚೆಂದ ಕಾಣುತ್ತದೆಂದು ಯಾವುದೋ ದೇಶದ ಸಂಕೇತದ ಡೊಮೈನ್ ಕೊಳ್ಳಬೇಡಿ. ಕ್ವಿಯರ್ ಡಾಟ್ ಎಎಫ್ ಎಂಬ ಮಾಸ್ಟೊಡಾನ್ ಸರ್ವರ್ ಅಫ್ಘಾನಿಸ್ತಾನದ ಡೊಮೈನಿನಲ್ಲಿತ್ತು. 2024ರ ಫೆಬ್ರುವರಿಯಲ್ಲಿ ತಾಲಿಬಾನ್ ಆಡಳಿತ ಅದನ್ನು ರದ್ದುಮಾಡಿತು. ನಿಮಗೆ ಡಾಟ್ ಇನ್ ಸಾಕು.

150 ಜನಕ್ಕೆ 2 ಸಿಪಿಯು, 4 ಜಿಬಿ ರ್‍ಯಾಮ್, 80 ಜಿಬಿ ಡಿಸ್ಕ್ ಇರುವ ವಿಪಿಎಸ್ (ಬಾಡಿಗೆಗೆ ಸಿಗುವ ವರ್ಚುವಲ್ ಸರ್ವರ್) ಧಾರಾಳ. 2 ಜಿಬಿಯಲ್ಲೂ ಓಡುತ್ತದೆ, ಆದರೆ ಅಪ್‌ಡೇಟ್ ಮಾಡುವಾಗ ವೆಬ್ ಪುಟದ ಫೈಲುಗಳನ್ನು ಸಿದ್ಧಪಡಿಸುವ ಅಸೆಟ್ ಕಂಪೈಲ್ ಹಂತದಲ್ಲಿ ಮೆಮೊರಿ ಸಾಲದೆ ನಿಂತುಬಿಡುತ್ತದೆ, ಸ್ವಾಪ್ (ಮೆಮೊರಿಯಂತೆ ಬಳಸುವ ಡಿಸ್ಕ್ ಜಾಗ) ಹಾಕಿಕೊಳ್ಳಬೇಕಾಗುತ್ತದೆ. ಬಾಡಿಗೆ, ಡೊಮೈನ್, ಬ್ಯಾಕಪ್ ಜಾಗ ಸೇರಿ ವರ್ಷಕ್ಕೆ 20,000 ರೂಪಾಯಿ ಇಟ್ಟುಕೊಳ್ಳಿ. ನೂರು ಜನ ತಲಾ 200 ಕೊಟ್ಟರೆ ಆಯಿತು. ಈ ದುಡ್ಡು ಯಾರದೋ ಮನೆಖರ್ಚಿನ ಯುಪಿಐಗೆ ಹೋಗಬಾರದು. ಬೇರೆಯೇ ಖಾತೆ ತೆರೆದು, ಮೂರು ತಿಂಗಳಿಗೊಮ್ಮೆ ಜಮಾ-ಖರ್ಚನ್ನು ಎಲ್ಲರ ಮುಂದಿಡಿ.

ಕೈಕೊಡುವುದು ಎಲ್ಲಿ? ಮೊದಲನೆಯದು ಇಮೇಲ್. ಬಹಳಷ್ಟು ವಿಪಿಎಸ್ ಕಂಪನಿಗಳು ಮೇಲ್ ಹೊರಹೋಗುವ ದಾರಿಯಾದ ಪೋರ್ಟ್ 25ನ್ನು ಮುಚ್ಚಿರುತ್ತವೆ. ಮೇಲ್ ಕಳಿಸುವ ಸೇವೆಯೊಂದನ್ನು ಹಿಡಿದು ಪೋರ್ಟ್ 587ರ ಮೂಲಕ ಕಳಿಸಿ, ಮೇಲ್ ನಿಮ್ಮದೇ ಎಂದು ತೋರಿಸಿಕೊಡುವ ಎಸ್‌ಪಿಎಫ್, ಡಿಕಿಮ್ ದಾಖಲೆಗಳನ್ನು ಡೊಮೈನಿಗೆ ಸೇರಿಸಿ. ಇಲ್ಲವಾದರೆ ಖಾತೆ ಖಚಿತಪಡಿಸುವ ಪತ್ರ ಸ್ಪ್ಯಾಮ್‌ಗೆ ಬಿದ್ದು, ಅರ್ಧ ಜನ ಬಾಗಿಲಲ್ಲೇ ಉಳಿಯುತ್ತಾರೆ. ಎರಡನೆಯದು ಸೈಡ್‌ಕಿಕ್. ಹಿನ್ನೆಲೆಯಲ್ಲಿ ಪೋಸ್ಟ್‌ಗಳನ್ನು ಹೊತ್ತೊಯ್ಯುವ ಅಂಚೆಯಣ್ಣ ಅದು. ಅದು ನಿಂತರೂ ವೆಬ್‌ಸೈಟ್ ಎಂದಿನಂತೆ ತೆರೆದುಕೊಳ್ಳುತ್ತದೆ, ಬರೆದದ್ದು ಮಾತ್ರ ಎಲ್ಲಿಗೂ ಹೋಗುವುದಿಲ್ಲ. "ನನ್ನ ಪೋಸ್ಟಿಗೆ ಯಾರೂ ಉತ್ತರಿಸುತ್ತಿಲ್ಲ" ಎಂದು ನಾಲ್ಕು ಜನ ಒಟ್ಟಿಗೆ ಹೇಳಿದರೆ ಮೊದಲು ಸೈಡ್‌ಕಿಕ್ ಪುಟ ತೆರೆದು ಸರತಿ ಎಷ್ಟು ನಿಮಿಷ ಹಿಂದಿದೆ ನೋಡಿ.

ಮೂರನೆಯದು ಡಿಸ್ಕ್. ನಿಮ್ಮವರು ಫಾಲೋ ಮಾಡುವ ಹೊರಗಿನವರ ಚಿತ್ರ, ವಿಡಿಯೊಗಳ ಪ್ರತಿ ನಿಮ್ಮ ಸರ್ವರ್‌ನಲ್ಲೂ ಕೂರುತ್ತದೆ. ನಿರ್ವಹಣೆಯ ಪುಟದಲ್ಲಿ ಮೀಡಿಯಾ ಕ್ಯಾಷ್ (ಈ ಪ್ರತಿಗಳ ಸಂಗ್ರಹ) ಅವಧಿಯನ್ನು 7 ದಿನಕ್ಕೆ ಇಟ್ಟರೆ ಹಳೆಯವು ತಾವೇ ಅಳಿಯುತ್ತವೆ. ಬೇಕಾದಾಗ ಮೂಲದಿಂದ ಮತ್ತೆ ಬರುತ್ತವೆ. ಡಿಸ್ಕ್ ಪೂರ್ತಿ ತುಂಬಿದರೆ ಪೋಸ್ಟ್‌ಗ್ರೆಸ್ ಡೇಟಾಬೇಸ್ ನಿಲ್ಲುತ್ತದೆ, ಅದರೊಂದಿಗೆ ಎಲ್ಲವೂ. ಬ್ಯಾಕಪ್‌ನಲ್ಲಿ ಡೇಟಾಬೇಸ್, ಸದಸ್ಯರೇ ಏರಿಸಿದ ಚಿತ್ರಗಳು, ಜೊತೆಗೆ ರಹಸ್ಯ ಕೀಲಿಗಳಿರುವ ಸೆಟ್ಟಿಂಗ್ ಫೈಲ್ ಇರಲೇಬೇಕು. ಈ ಸೆಟ್ಟಿಂಗ್ ಫೈಲನ್ನು ಮರೆಯುವವರೇ ಹೆಚ್ಚು. ಅದಿಲ್ಲದಿದ್ದರೆ ಎರಡು ಹಂತದ ಲಾಗಿನ್ ಇಟ್ಟುಕೊಂಡವರು ಹೊರಗೇ ನಿಲ್ಲುತ್ತಾರೆ. ಆರು ತಿಂಗಳಿಗೊಮ್ಮೆ ಬೇರೊಂದು ಯಂತ್ರದಲ್ಲಿ ಬ್ಯಾಕಪ್ ಮರಳಿ ತೆರೆದು ನೋಡಿ. ಹಾಗೆ ತೆರೆದು ನೋಡದ ಬ್ಯಾಕಪ್ಪನ್ನು ನಾನು ಬ್ಯಾಕಪ್ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಭದ್ರತೆಯ ಅಪ್‌ಡೇಟ್ ಬಂದ ದಿನವೇ ಹಾಕಬೇಕು. 2024ರ ಫೆಬ್ರುವರಿ 1ರಂದು ಬಂದ ಮಾಸ್ಟೊಡಾನ್‌ನ 4.2.5 ಆವೃತ್ತಿ, ದೂರದಿಂದಲೇ ಇನ್ನೊಬ್ಬರ ಸೋಗು ಹಾಕಿ ಖಾತೆ ಕಬಳಿಸಬಹುದಾಗಿದ್ದ ದೋಷವನ್ನು ಸರಿಪಡಿಸಿತ್ತು. "ಭಾನುವಾರ ನೋಡೋಣ" ಎನ್ನುವ ಮಾತು ಅಂಥದ್ದಕ್ಕೆ ನಡೆಯುವುದಿಲ್ಲ. ಅದೇ ತಿಂಗಳು ಬಂದ ಸ್ಪ್ಯಾಮ್ ಅಲೆ ನುಗ್ಗಿದ್ದು, ನೋಂದಣಿಯನ್ನು ತೆರೆದಿಟ್ಟು ಯಾರೂ ನೋಡಿಕೊಳ್ಳದ ಸಣ್ಣ ಸರ್ವರ್‌ಗಳ ಮೂಲಕ. ನಿಮ್ಮ ನೋಂದಣಿಯನ್ನು "ಅನುಮತಿ ಬೇಕು" ಎಂಬಲ್ಲಿ ಇಡಿ. ಸೇರುವ ಕಾರಣ ಕೇಳುವ ಜಾಗದಲ್ಲಿ "ಇತ್ತೀಚೆಗೆ ಓದಿದ ಕನ್ನಡ ಪುಸ್ತಕ ಯಾವುದು, ಹೇಗನಿಸಿತು?" ಎಂದು ಕೇಳಿ. ಎರಡು ಸಾಲಿನ ಉತ್ತರದಲ್ಲೇ ಮನುಷ್ಯ ಯಾರು, ಬಾಟ್ ಯಾವುದು ತಿಳಿಯುತ್ತದೆ.

ಈಗ ನಿಜವಾದ ಕೆಲಸಕ್ಕೆ ಬರೋಣ. ಯಾರಾದರೂ ದೂರು ಕೊಡುವಾಗ ನಿಯಮ ಮುರಿದಿದೆ ಎಂಬ ಕಾರಣ ಕೊಟ್ಟರೆ ನಿಮ್ಮ ನಿಯಮಗಳ ಪಟ್ಟಿ ಅವರ ಮುಂದೆ ಬರುತ್ತದೆ, ಯಾವುದು ಮುರಿದಿದೆ ಎಂದು ಅವರು ಆರಿಸಬೇಕು. "ಸಭ್ಯವಾಗಿರಿ" ಎಂಬ ನಿಯಮ ಅಲ್ಲಿ ಯಾವ ಪ್ರಯೋಜನಕ್ಕೂ ಬಾರದು. "ಇನ್ನೊಬ್ಬರ ಜಾತಿ, ವಿಳಾಸ, ಫೋನ್ ನಂಬರನ್ನು ಅವರ ಒಪ್ಪಿಗೆಯಿಲ್ಲದೆ ಬರೆಯುವಂತಿಲ್ಲ", "ಬೇಡ ಎಂದ ಮೇಲೂ ಒಬ್ಬರನ್ನು ಟ್ಯಾಗ್ ಮಾಡುತ್ತ ಹಿಂಬಾಲಿಸುವಂತಿಲ್ಲ" ಎಂದು ಬರೆದರೆ ತೀರ್ಮಾನ ಸುಲಭ. ಆರೇಳು ನಿಯಮ ಸಾಕು, ಕನ್ನಡದಲ್ಲೇ ಇರಲಿ. 2019ರ ನವೆಂಬರ್‌ನಲ್ಲಿ ಭಾರತೀಯರು ಗುಂಪುಗುಂಪಾಗಿ ಟ್ವಿಟರ್ ಬಿಟ್ಟು ಮಾಸ್ಟೊಡಾನ್‌ಗೆ ಬಂದದ್ದರ ಹಿಂದೆ ವಕೀಲ ಸಂಜಯ್ ಹೆಗ್ಡೆಯವರ ಖಾತೆಯ ಅಮಾನತಿನ ಜೊತೆಗೆ, ಜಾತಿನಿಂದನೆಯನ್ನು ಕಂಪನಿ ಗಂಭೀರವಾಗಿ ನೋಡುತ್ತಿಲ್ಲ ಎಂಬ ಸಿಟ್ಟೂ ಇತ್ತು. ನಮ್ಮಲ್ಲಿ ನಿಂದನೆ ಬೈಗುಳದ ರೂಪದಲ್ಲೇ ಬರಬೇಕೆಂದಿಲ್ಲ. "ನಿಮ್ಮ ಕಡೆಯವರ ಭಾಷೆ ಕೇಳಿದರೇ ಗೊತ್ತಾಗುತ್ತೆ ಬಿಡಿ" ಎಂಬ ಒಂದು ಸಾಲು ಸಾಕು. ಇದನ್ನು ಯಾವ ಫಿಲ್ಟರೂ ಹಿಡಿಯದು, ಜರ್ಮನಿಯಲ್ಲಿ ಕೂತ ನಿರ್ವಾಹಕರಿಗೆ ಅರ್ಥವಾಗದು. ಕನ್ನಡದವರೇ ನಡೆಸುವ ಸರ್ವರ್ ಯಾಕೆ ಬೇಕು ಎಂದರೆ ನನ್ನ ಉತ್ತರ ಇದೇ.

ಕ್ರಮಕ್ಕೆ ಮೆಟ್ಟಿಲುಗಳಿವೆ: ಎಚ್ಚರಿಕೆ, ಮಿತಿಗೊಳಿಸುವುದು, ಅಮಾನತು. ಮಿತಿಗೊಳಿಸಿದವರ ಬರಹ ಅವರನ್ನು ಫಾಲೋ ಮಾಡುವವರಿಗೆ ಮಾತ್ರ ಕಾಣುತ್ತದೆ. ಅಮಾನತು ಮಾಡಿದರೆ ಅವರ ಮಾಹಿತಿ 30 ದಿನ ಉಳಿದು ಆಮೇಲೆ ಅಳಿಯುತ್ತದೆ. ಮೇಲ್ಮನವಿ ಕೇಳಲು ಅಷ್ಟು ಕಾಲ ಸಾಕು. ಇಡೀ ಹೊರಗಿನ ಸರ್ವರ್ ಒಂದನ್ನು ಅಮಾನತು ಮಾಡುವಾಗ ಹತ್ತು ಸಲ ಯೋಚಿಸಿ: ಎರಡೂ ಕಡೆಯ ಫಾಲೋಗಳು ಕಡಿದುಹೋಗುತ್ತವೆ, ಆಮೇಲೆ ತೆರವು ಮಾಡಿದರೂ ತಾವಾಗಿ ಕೂಡಿಕೊಳ್ಳುವುದಿಲ್ಲ. ಮೊದಲು ಮಿತಿಗೊಳಿಸಿ ನೋಡಿ. ದೂರು ನೋಡುವವರು ತಮ್ಮ ಗೆಳೆಯರ ಮೇಲಿನ ದೂರನ್ನು ಇನ್ನೊಬ್ಬರಿಗೆ ದಾಟಿಸಬೇಕು, ಇದನ್ನೂ ನಿಯಮದಲ್ಲೇ ಬರೆದಿಡಿ.

ಕಾನೂನಿನ ಕಡೆ: 2021ರ ಐಟಿ ನಿಯಮಗಳ ಭಾರಿ ಹೊರೆ 50 ಲಕ್ಷ ಬಳಕೆದಾರರನ್ನು ದಾಟಿದವರಿಗೆ. ಆದರೆ ಕುಂದುಕೊರತೆ ಅಧಿಕಾರಿಯ ಹೆಸರು, ಸಂಪರ್ಕ ಪ್ರಕಟಿಸುವ ಕರ್ತವ್ಯ ಸಣ್ಣವರಿಗೂ ಇದೆ. ಗಡುವುಗಳನ್ನು ಸರ್ಕಾರ ತಿದ್ದುತ್ತಿರುತ್ತದೆ, ಈಗ ಜಾರಿಯಲ್ಲಿರುವ ಪ್ರತಿಯನ್ನು ವಕೀಲರೊಬ್ಬರಿಗೆ ತೋರಿಸಿಕೊಳ್ಳಿ.

ಮೊದಲ ವಾರ ಎಲ್ಲರೂ "ಇಲ್ಲಿ ಏನೂ ಇಲ್ಲವಲ್ಲ" ಎನ್ನುತ್ತಾರೆ. ನಿಮ್ಮವರು ಯಾರಾದರೂ ಫಾಲೋ ಮಾಡಿದವರ ಬರಹವಷ್ಟೇ ಸಾಮಾನ್ಯವಾಗಿ ನಿಮ್ಮ ಸರ್ವರ್‌ಗೆ ಬರುವುದು, ಹಳೆಯದು ಬರುವುದಿಲ್ಲ. ಹಲವು ಸರ್ವರ್‌ಗಳ ಬರಹವನ್ನು ಒಟ್ಟಿಗೆ ತಂದು ಸುರಿಯುವ ರಿಲೇ ಸೇರಿಸಿದರೆ ತುಂಬುತ್ತದೆ ನಿಜ, ಜೊತೆಗೆ ಡಿಸ್ಕೂ ತುಂಬುತ್ತದೆ. ಅದರ ಬದಲು ಒಬ್ಬೊಬ್ಬರೂ 20-30 ಜನರನ್ನು ಹುಡುಕಿ ಫಾಲೋ ಮಾಡಲಿ. ಬರೆಯುವಾಗ ಪೋಸ್ಟಿನ ಭಾಷೆ ಕನ್ನಡ ಎಂದು ಆರಿಸಲಿ. ಇಂಗ್ಲಿಷ್ ಎಂದೇ ಉಳಿದರೆ ಭಾಷೆಯ ಮೇಲೆ ಸೋಸಿಕೊಂಡು ಓದುವವರಿಗೆ ಕಾಣುವುದಿಲ್ಲ. ಪುಸ್ತಕದ ಪುಟದ ಫೋಟೊ ಹಾಕಿದರೆ ಚಿತ್ರವಿವರಣೆಯ ಜಾಗದಲ್ಲಿ ಆ ಸಾಲುಗಳನ್ನು ಟೈಪ್ ಮಾಡಲಿ. 1,500 ಅಕ್ಷರ ಹಿಡಿಯುತ್ತದೆ, ಮತ್ತು ಸ್ಕ್ರೀನ್ ರೀಡರ್ ಬಳಸುವ ಅಂಧ ಓದುಗರಿಗೆ ಬರಿಯ ಫೋಟೊ ಎಂದರೆ ಖಾಲಿ ಜಾಗ.

ಮುಚ್ಚುವ ದಿನ ಬಂದರೆ ಸರ್ವರ್ ಸುಮ್ಮನೆ ನಿಲ್ಲಿಸಿಬಿಡಬೇಡಿ. ಮೂರು ತಿಂಗಳು ಮೊದಲೇ ತಿಳಿಸಿ, ಎಲ್ಲರೂ ತಮ್ಮ ಬರಹದ ಪ್ರತಿ ಇಳಿಸಿಕೊಂಡು ಬೇರೆಡೆಗೆ ಖಾತೆ ಸರಿಸಲಿ. ಫಾಲೋವರ್‌ಗಳು ಜೊತೆಗೆ ಬರುತ್ತಾರೆ, ಹಳೆಯ ಪೋಸ್ಟ್‌ಗಳು ಬರುವುದಿಲ್ಲ. ಆಮೇಲೆ ಮಾಸ್ಟೊಡಾನ್ ಜೊತೆಗೇ ಬರುವ ನಿರ್ವಹಣೆಯ ಸಾಧನ ಟೂಟ್‌ಸಿಟಿಎಲ್‌ನ ಸೆಲ್ಫ್-ಡಿಸ್ಟ್ರಕ್ಟ್ ಆಜ್ಞೆ ಕೊಡಿ. ಖಾತೆಗಳು ಅಳಿದಿವೆ ಎಂಬ ಸುದ್ದಿ ಹೊರಗಿನ ಸರ್ವರ್‌ಗಳಿಗೆಲ್ಲ ತಲುಪಿ ಸೈಡ್‌ಕಿಕ್ ಸರತಿ ಖಾಲಿಯಾಗುವವರೆಗೆ ಯಂತ್ರ ಓಡುತ್ತಿರಲಿ. ಡೊಮೈನಿಗೆ ಇನ್ನೂ ಒಂದೆರಡು ವರ್ಷ ದುಡ್ಡು ಕಟ್ಟಿ ಇಟ್ಟುಕೊಳ್ಳಿ. ಬಿಟ್ಟರೆ ಕೊಂಡವರು ನಿಮ್ಮ ಸದಸ್ಯರ ಹಳೆಯ ಹೆಸರಿನಲ್ಲೇ ಬರೆಯಲು ಶುರುಮಾಡಬಹುದು.