ಕಾಯಿನ್ ಮಾತ್ರ ಅಲ್ಲ, ವ್ಯವಹಾರವನ್ನೂ ನೋಡಿ

ಪ್ರಶ್ನೆ: ದುಬೈಯಲ್ಲಿ ಕೆಲಸದಲ್ಲಿದ್ದೇನೆ. ರೂಮಿನವರು ಬಿಟ್‌ಕಾಯಿನ್ ವ್ಯಾಪಾರ ಮಾಡುತ್ತಾರೆ. 500 ದಿರ್ಹಂ ಹಾಕಿದರೆ 5,000 ದಿರ್ಹಂನಷ್ಟು ಕೊಳ್ಳಬಹುದಂತೆ. ಇದು ಹಲಾಲೋ ಹರಾಮೋ? ಒಂದೇ ಮಾತಿನಲ್ಲಿ ಹೇಳಿ. – ಪುತ್ತೂರಿನ ಓದುಗ

ಉತ್ತರ: ಸಹೋದರರೇ, ಬಿಟ್‌ಕಾಯಿನ್ ಬಗ್ಗೆ ಉಲಮಾಗಳೇ, ಅಂದರೆ ಧರ್ಮವಿದ್ವಾಂಸರೇ, ಒಂದೇ ಮಾತು ಹೇಳಿಲ್ಲ. ಈಜಿಪ್ಟಿನ ಆಗಿನ ಗ್ರ್ಯಾಂಡ್ ಮುಫ್ತಿ ಶೌಕಿ ಅಲ್ಲಾಮ್ 2018ರ ಆರಂಭದಲ್ಲೇ ಹರಾಮ್ ಎಂದರು. ಬೆಲೆಯ ಅನಿಶ್ಚಿತತೆ, ಅಂದರೆ ಗರರ್, ಅವರ ಮುಖ್ಯ ಕಾರಣಗಳಲ್ಲೊಂದು. ಇಂಡೋನೇಷ್ಯಾದ ಉಲಮಾ ಮಂಡಳಿ 2021ರಲ್ಲಿ ಕ್ರಿಪ್ಟೋವನ್ನು, ಅಂದರೆ ಬಿಟ್‌ಕಾಯಿನ್‌ನಂಥ ಡಿಜಿಟಲ್ ಕಾಯಿನ್‌ಗಳನ್ನು, ಹಣವಾಗಿ ಬಳಸುವುದು ಹರಾಮ್ ಎಂದಿತು. ಆದರೆ ಆಧಾರವಾಗಿ ಆಸ್ತಿ ಇದ್ದು, ಸ್ಪಷ್ಟ ಪ್ರಯೋಜನವೂ ಇರುವ ಕ್ರಿಪ್ಟೋವನ್ನು ಸರಕಿನಂತೆ ಮಾರಬಹುದು ಎಂದಿತು. ಮಲೇಷ್ಯಾದ ಸೆಕ್ಯುರಿಟೀಸ್ ಕಮಿಷನ್‌ನ ಶರೀಅತ್ ಸಲಹಾ ಮಂಡಳಿ 2020ರಲ್ಲಿ, ನೋಂದಾಯಿತ ಎಕ್ಸ್‌ಚೇಂಜ್‌ಗಳಲ್ಲಿ ಡಿಜಿಟಲ್ ಆಸ್ತಿಯ ವ್ಯಾಪಾರಕ್ಕೆ ಒಪ್ಪಿಗೆ ಕೊಟ್ಟಿತು. ಇದು ಹಣವೋ, ಸರಕೋ, ಅಥವಾ ಬೆಲೆಯುಳ್ಳ ವಸ್ತುವೇ ಅಲ್ಲವೋ ಎಂಬಲ್ಲೇ ಭಿನ್ನಾಭಿಪ್ರಾಯ. ಅದು ಪ್ರಾಮಾಣಿಕ ಭಿನ್ನಾಭಿಪ್ರಾಯ, ಎರಡೂ ಕಡೆಯವರನ್ನು ಗೌರವಿಸೋಣ.

ಆದರೆ ನಿಮ್ಮ ರೂಮಿನಲ್ಲಿ ನಡೆಯುತ್ತಿರುವುದೇ ಬೇರೆ. ಲೆಕ್ಕ ನೋಡಿ. ನಿಮ್ಮದು 500, ಉಳಿದ 4,500 ಸಾಲ. ಆ ಸಾಲಕ್ಕೆ ಬಡ್ಡಿ ಇದ್ದರೆ ಅದು ರಿಬಾ, ಅಂದರೆ ಇಸ್ಲಾಂ ನಿಷೇಧಿಸಿದ ಬಡ್ಡಿ, ಹೆಸರು ಏನೇ ಇಟ್ಟುಕೊಳ್ಳಲಿ. ಬೆಲೆ ಶೇ. 10ರಷ್ಟು ಇಳಿದರೆ ನಿಮ್ಮ 500 ಪೂರ್ತಿ ಹೋಯಿತು, ಆ್ಯಪ್ ತಾನೇ ಮಾರಿಬಿಡುತ್ತದೆ. ಬಿಟ್‌ಕಾಯಿನ್‌ಗೆ ಶೇ. 10 ಇಳಿಯಲು ಒಂದು ರಾತ್ರಿ ಸಾಕು. 2021ರ ನವೆಂಬರಿನಲ್ಲಿ 68,000 ಡಾಲರ್ ದಾಟಿದ್ದು, ಒಂದು ವರ್ಷದಲ್ಲಿ 16,000ದ ಆಸುಪಾಸಿಗೆ ಬಂತು. ಕಾಯಿನ್ ಕೈಗೇ ಬಾರದೆ, ಬರೀ ಏರಿಳಿತದ ಮೇಲೆ ದುಡ್ಡು ಕಟ್ಟುವ ಫ್ಯೂಚರ್ಸ್ ಇನ್ನೂ ಕೆಟ್ಟದ್ದು. ನಮ್ಮ ದೃಷ್ಟಿಯಲ್ಲಿ ಅದು ಮೈಸಿರ್, ಜೂಜು. ಇದರ ಹತ್ತಿರ ಸುಳಿಯಬೇಡಿ.

ಸ್ವಂತ ದುಡ್ಡಿನಲ್ಲಿ, ಸಾಲವಿಲ್ಲದೆ ಕೊಂಡಿಡುವುದಾದರೆ ನೀವು ನಂಬುವ ಉಸ್ತಾದರ ಮುಂದೆ ಆ್ಯಪ್ ತೆರೆದಿಟ್ಟು ಕೇಳಿ. "ಬಿಟ್‌ಕಾಯಿನ್ ಹಲಾಲಾ?" ಅಂತ ಸುಮ್ನೆ ಕೇಳಿದರೆ ಸಾಲದು. ಹಣ ಎಲ್ಲಿಂದ ಬರುತ್ತದೆ, ಕಾಯಿನ್ ಯಾರ ಹೆಸರಿನಲ್ಲಿರುತ್ತದೆ, ಇಟ್ಟಿದ್ದಕ್ಕೆ ನಿಗದಿತ ಲಾಭ ಕೊಡುತ್ತಾರಾ ಎಂಬುದನ್ನೆಲ್ಲ ತೋರಿಸಿ. ಮನೆಗೆ ಕಳಿಸಬೇಕಾದ ಸಂಬಳವನ್ನಂತೂ ಇದಕ್ಕೆ ಮುಟ್ಟಬೇಡಿ, ಅಲ್ಲಿ ಕಾಯುವವರಿದ್ದಾರೆ ಅಲ್ವಾ?

ಈಗಾಗಲೇ ವ್ಯಾಪಾರಕ್ಕೆಂದು ಕೊಂಡಿಟ್ಟಿದ್ದರೆ ಝಕಾತಿನ (ಕಡ್ಡಾಯ ದಾನದ) ಬಗ್ಗೆಯೂ ಆಗಲೇ ಕೇಳಿಬಿಡಿ. ಇದನ್ನು ಆಸ್ತಿ ಎಂದು ಒಪ್ಪುವ ಉಲಮಾಗಳು, ನಿಸಾಬ್ (ಝಕಾತ್ ಕಡ್ಡಾಯವಾಗುವ ಕನಿಷ್ಠ ಮೊತ್ತ) ತಲುಪಿ ಚಾಂದ್ರಮಾನ ವರ್ಷ ತುಂಬಿದ ದಿನದ ಬೆಲೆಗೆ ಶೇ. 2.5 ಕೊಡಬೇಕು ಎನ್ನುತ್ತಾರೆ.