ಬೆಂಚಿಗೆ ಬೆನ್ನು ಇಲ್ವಲ್ಲ?

ಓದುಗರೊಬ್ಬರ ಪತ್ರ: 'ನಮ್ಮ ಬಡಾವಣೆಯಲ್ಲಿ 60 ಮನೆಗಳಿವೆ. ಖಾಲಿ ಬಿದ್ದಿರುವ ಜಾಗದಲ್ಲಿ ಪುಟ್ಟ ಪಾರ್ಕ್ ಮಾಡೋಣ ಅಂತ ನಾವು ಮೂವರು ನಕ್ಷೆ ಬರೆಸಿದೆವು. ಖರ್ಚಿನ ಪಟ್ಟಿ ಮಾಡಿ, ಮನೆಗೆ ಇಷ್ಟು ಅಂತ ಲೆಕ್ಕ ಹಾಕಿ ವಾಟ್ಸ್ಆ್ಯಪ್ ಗುಂಪಿಗೆ ಕಳಿಸಿದೆವು. ಎಲ್ಲರೂ ಹೆಬ್ಬೆರಳು ಒತ್ತಿದರು. ಆರು ತಿಂಗಳಾದರೂ ದುಡ್ಡು ಕೊಟ್ಟದ್ದು 19 ಮನೆಯವರು ಮಾತ್ರ. ಜನಕ್ಕೆ ಇದೆಲ್ಲ ಬೇಕಿಲ್ಲ. ಹಣ ವಾಪಸ್ ಕೊಟ್ಟು ಕೈ ತೊಳೆದುಕೊಳ್ಳಲೇ?'

ಸ್ವಲ್ಪ ತಡೆಯಿರಿ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಕ್ಷೆ ನಿಮ್ಮದು, ಪಟ್ಟಿ ನಿಮ್ಮದು, ಲೆಕ್ಕ ನಿಮ್ಮದು. ಉಳಿದ 57 ಮನೆಯವರ ಪಾಲಿಗೆ ಬಂದದ್ದು ಬಿಲ್ಲು ಮಾತ್ರ. ಅಷ್ಟಿದ್ದೂ ಇಷ್ಟು ಮನೆಯವರು ಕೊಟ್ಟಿದ್ದಾರೆ ಅಂದರೆ ಅವರು ಒಳ್ಳೆಯವರೇ ಇರಬೇಕು!

ನಿಮ್ಮನ್ನು ಬೈಯುವ ಹಕ್ಕು ನನಗಿಲ್ಲ, ಯಾಕೆಂದರೆ ಇದೇ ತಪ್ಪು ನಾನೂ ಮಾಡಿದ್ದೇನೆ. ವರ್ಷಗಳ ಹಿಂದೆ ನಮ್ಮ ಬೀದಿಯ ಮರದ ಕೆಳಗೆ ಬೆಂಚು ಹಾಕಿಸಲು ನಾವು ನಾಲ್ಕೈದು ಗಂಡಸರು ಹೊರಟಿದ್ದೆವು. ಚಂದದ ಕಲ್ಲಿನ ಬೆಂಚನ್ನು ಆರಿಸಿಯೂ ಆಗಿತ್ತು. ಹಣ ಮಾತ್ರ ಕೂಡುತ್ತಿರಲಿಲ್ಲ. ಒಂದು ಸಂಜೆ ಮೂಲೆ ಮನೆಯ ಅಜ್ಜಿ ಬಂದು ಬೆಂಚಿನ ಫೋಟೋವನ್ನು ಕಣ್ಣ ಹತ್ತಿರ ಹಿಡಿದು ನೋಡಿದರು. 'ಬೆಂಚಿಗೆ ಬೆನ್ನು ಇಲ್ವಲ್ಲ?' ಅಂದರು. ಆಮೇಲೆ, 'ಕೈ ಊರಿ ಏಳೋದಕ್ಕೂ ಏನೂ ಇಲ್ಲ' ಅಂದರು. ಆ ಬೆಂಚಿನ ಮೇಲೆ ಎಲ್ಲರಿಗಿಂತ ಜಾಸ್ತಿ ಹೊತ್ತು ಕೂರುವವರು ಅವರೇ. ಅವರನ್ನೇ ನಾವು ಕೇಳಿರಲಿಲ್ಲ. ಸರಿ, ಬೆನ್ನು ಬಂತು, ಪಕ್ಕಕ್ಕೆ ಹಿಡಿಕೆ ಬಂತು, ಖರ್ಚೂ ಏರಿತು. ಆದರೆ ಹಣ ಮೂರೇ ವಾರದಲ್ಲಿ ಕೂಡಿತು. ಅಜ್ಜಿ ಮನೆಮನೆಗೆ ಹೋಗಿ 'ನಾನು ಹೇಳಿ ಹಾಕಿಸ್ತಿರೋ ಬೆಂಚು' ಅನ್ನುತ್ತಿದ್ದರಂತೆ.

ಹಾಗಾಗಿ ದುಡ್ಡು ಕೇಳುವ ಮೊದಲು ಮಾತು ಕೇಳಿ. ಮಾತಾದ ಮೇಲೆ ಕೆಲಸ ಕೇಳಿ. ದುಡ್ಡಿನ ಸರದಿ ಅದರ ನಂತರ.

ಕೆಲಸವನ್ನು ಹಣದಷ್ಟೇ ಗಟ್ಟಿಯಾಗಿ ಲೆಕ್ಕಕ್ಕೆ ಹಿಡಿದ ಊರುಗಳಿವೆ. ಅಮೆರಿಕದ ಸಿಯಾಟಲ್ ನಗರ 1988ರಲ್ಲಿ ಒಂದು ಯೋಜನೆ ತಂದಿತು. ನೆರೆಹೊರೆಯವರು ತಮ್ಮ ಪಾಲು ಹಾಕಿದರೆ ನಗರಾಡಳಿತವೂ ಅದಕ್ಕೆ ಹಣ ಜೋಡಿಸುತ್ತದೆ. ಆ ಪಾಲು ನಗದೇ ಆಗಬೇಕಿಲ್ಲ. ಗುಂಡಿ ತೋಡಿದ ಗಂಟೆಗಳು, ದಾನ ಬಂದ ಸಾಮಾನು, ನಕ್ಷೆ ಬರೆದವರ ಶ್ರಮ, ಎಲ್ಲಕ್ಕೂ ಬೆಲೆ ಕಟ್ಟುತ್ತಾರೆ. ನೀವೂ ಹಾಗೇ ಮಾಡಬಹುದು, ಅಲ್ವಾ? ಬಡಾವಣೆಯಲ್ಲಿ ವೆಲ್ಡಿಂಗ್ ಬಲ್ಲವರು ಒಬ್ಬರಾದರೂ ಇರುತ್ತಾರೆ. ಲೆಕ್ಕ ಬರೆಯಬಲ್ಲ ನಿವೃತ್ತರು, ಗಿಡ ಕಂಡರೆ ಬಿಡದವರು ಸಿಗುತ್ತಾರೆ. ಯಾರಿಗೆ ಏನು ಬರುತ್ತದೆ ಅಂತ ಮೊದಲು ಪಟ್ಟಿ ಮಾಡಿ. ನಿಮ್ಮ ಖರ್ಚಿನ ಪಟ್ಟಿ ತಾನಾಗಿ ಕುಗ್ಗುತ್ತದೆ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಅನ್ನುವ ಗಾದೆ ಸುಮ್ನೆ ಹುಟ್ಟಿಲ್ಲ.

ಇನ್ನು ದುಡ್ಡಿನ ಮಾತು. ಕೊಡದ 41 ಮನೆಯವರೂ ಜಿಪುಣರು ಅಂತ ನನಗೆ ಅನ್ನಿಸುವುದಿಲ್ಲ. 'ನಾನು ಕೊಟ್ಟು, ಉಳಿದವರು ಕೊಡದೆ ಕೆಲಸ ಅರ್ಧಕ್ಕೆ ನಿಂತರೆ?' ಅನ್ನುವ ಅಳುಕು ಎಲ್ಲರಿಗೂ ಇರುತ್ತದೆ. ಒಬ್ಬರು ಇನ್ನೊಬ್ಬರನ್ನು ನೋಡುತ್ತಾ ಕೂರುತ್ತಾರೆ. ಇದಕ್ಕೆ ಮದ್ದು ಸುಲಭ. ಹಣ ಇಸಿದುಕೊಳ್ಳಬೇಡಿ, ಬರೀ ಮಾತು ಬರೆಸಿಕೊಳ್ಳಿ. ಇಂಥ ತಾರೀಕಿನೊಳಗೆ ಇಷ್ಟು ಮೊತ್ತಕ್ಕೆ ಒಪ್ಪಿಗೆ ಬಂದರೆ ಮಾತ್ರ ವಸೂಲಿ, ಇಲ್ಲವಾದರೆ ಯಾರ ಪೈಸೆಯೂ ಇಲ್ಲ. ಹೊಸ ಕೆಲಸಗಳಿಗೆ ಜನರಿಂದ ಹಣ ಕೂಡಿಸುವ, 2009ರಲ್ಲಿ ಶುರುವಾದ ಕಿಕ್‌ಸ್ಟಾರ್ಟರ್ ಜಾಲತಾಣ ನಡೆಯುವುದೂ ಇದೇ ಷರತ್ತಿನ ಮೇಲೆ.

'ಮನೆಗೆ ಇಷ್ಟು' ಅನ್ನುವುದನ್ನೂ ಬಿಡಿ. ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಪೀಠ ಎದ್ದ ಕಥೆ ಗೊತ್ತಲ್ಲ? ಪ್ರತಿಮೆಯನ್ನು ಕೊಟ್ಟವರು ಫ್ರಾನ್ಸ್ ಜನ. ಪೀಠಕ್ಕೆ ಮಾತ್ರ ಅಮೆರಿಕದಲ್ಲಿ ಹಣ ಸಾಲಲಿಲ್ಲ. 1885ರ ಮಾರ್ಚಿನಲ್ಲಿ ಜೋಸೆಫ್ ಪುಲಿಟ್ಜರ್ ತಮ್ಮ 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕೆಯಲ್ಲಿ ಓದುಗರನ್ನೇ ಕೇಳಿದರು. ಎಷ್ಟೇ ಚಿಕ್ಕ ಮೊತ್ತ ಕೊಟ್ಟರೂ ಹೆಸರು ಅಚ್ಚಾಗುತ್ತದೆ ಅಂದರು. ಆಗಸ್ಟ್ ಹೊತ್ತಿಗೆ ಒಂದು ಲಕ್ಷ ಡಾಲರ್ ದಾಟಿತು. ಕೊಟ್ಟವರು 1,20,000ಕ್ಕೂ ಹೆಚ್ಚು ಜನ. ಹೆಚ್ಚಿನ ದೇಣಿಗೆಗಳು ಒಂದು ಡಾಲರಿಗೂ ಕಡಿಮೆ. (ಪತ್ರಿಕೆಯ ಮಾರಾಟವೂ ಏರಿತು ಅನ್ನಿ. ಸಂಪಾದಕರು ಸಾಮಾನ್ಯರಲ್ಲ!) ನೀವೂ ಹೆಸರು ಹಾಕಿ, ಆದರೆ ಮೊತ್ತ ಹಾಕಬೇಡಿ. ಹತ್ತು ಕೊಟ್ಟವರೂ ಸಾವಿರ ಕೊಟ್ಟವರೂ ಒಂದೇ ಸಾಲಿನಲ್ಲಿ ಇರಲಿ.

ಹಣ ಒಬ್ಬರ ಖಾತೆಯಲ್ಲಿದ್ದರೆ ಇವತ್ತೇ ಬದಲಿಸಿ. ಇಬ್ಬರ ಸಹಿ ಬೇಕಾಗುವ ಜಂಟಿ ಖಾತೆ ತೆರೆಯಿರಿ. ತಿಂಗಳಿಗೊಮ್ಮೆ ರಸೀದಿಗಳ ಫೋಟೋ ಗುಂಪಿಗೆ ಹೋಗಲಿ. ಅಂದಹಾಗೆ ಆ ಜಾಗ ಯಾರದು? ನಿಮ್ಮ ಪತ್ರದಲ್ಲಿ ಆ ಮಾತೇ ಇಲ್ಲ. ಮಾಲೀಕರು ಯಾರೇ ಆಗಿರಲಿ, ಲಿಖಿತ ಒಪ್ಪಿಗೆ ಕೈಗೆ ಬರುವವರೆಗೆ ಒಂದು ಗಿಡವನ್ನೂ ನೆಡಬೇಡಿ.

ನಿಮ್ಮ ಪಟ್ಟಿಯಲ್ಲಿ ನನಗೆ ಕಾಣದ ಇನ್ನೊಂದು ವಿಷಯ, ಎರಡನೇ ವರ್ಷ. ಉಯ್ಯಾಲೆ ತರುವುದು ಒಂದು ದಿನದ ಕೆಲಸ. ಅದರ ಸರಪಳಿಗೆ ಎಣ್ಣೆ ಬಿಡುವವರು ಯಾರು? ನಮ್ಮ ಬೆಂಚಿನ ಹಿಡಿಕೆ ಒಂದು ಮಳೆಗಾಲ ಪೂರ್ತಿ ಅಲುಗಾಡುತ್ತಿತ್ತು. ಎಲ್ಲರೂ ನೋಡಿದರು, ಎಲ್ಲರೂ 'ಯಾರಾದರೂ ಸರಿ ಮಾಡಬೇಕು' ಅಂದರು. ಬೇಕಿದ್ದದ್ದು ಒಂದು ಬೋಲ್ಟು! ಜನ ಒಟ್ಟಾಗಿ ಬಳಸುವ ಕಾಡು, ನೀರು, ಹುಲ್ಲುಗಾವಲುಗಳು ಹೇಗೆ ಉಳಿಯುತ್ತವೆ ಅಂತ ಎಲಿನಾರ್ ಆಸ್ಟ್ರಮ್ ಬದುಕಿಡೀ ನೋಡಿದರು, 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದರು. ಬಳಸುವವರೇ ನಿಯಮ ಮಾಡಿದ, ಬಳಸುವವರೇ ಕಾವಲು ಕಾದ ಕಡೆಗಳಲ್ಲಿ ಆಸ್ತಿ ಬಹುಕಾಲ ಬಾಳಿದ್ದನ್ನು ಅವರು ಕಂಡರು. ಕೂಡಿದ ಹಣದಲ್ಲಿ ಒಂದು ಪಾಲನ್ನು ರಿಪೇರಿಗೆ ಅಂತ ಈಗಲೇ ಎತ್ತಿಡಿ. ಯಾವಾಗ ಯಾರು ನೋಡಿಕೊಳ್ಳಬೇಕು ಅನ್ನುವ ಸರದಿ ಪಟ್ಟಿ ಗೇಟಿನ ಮೇಲೆ ಇರಲಿ.

ಹಣ ವಾಪಸ್ ಮಾಡುವ ಬದಲು 19 ಮನೆಯವರನ್ನು ಕೇಳಿ, ಹೊಸದಾಗಿ ಶುರು ಮಾಡುವವರೆಗೆ ಇಟ್ಟುಕೊಳ್ಳಬಹುದಾ ಅಂತ. ಬೇಡ ಅಂದವರಿಗೆ ಅವತ್ತೇ ಕೊಟ್ಟುಬಿಡಿ. ಆಮೇಲೆ ಒಂದು ಭಾನುವಾರ ಬೆಳಿಗ್ಗೆ 60 ಮನೆಯವರನ್ನೂ ಆ ಜಾಗಕ್ಕೇ ಕರೆಯಿರಿ. ವಾಟ್ಸ್ಆ್ಯಪ್‌ನಲ್ಲಿ ಅಲ್ಲ, ಬಾಗಿಲು ತಟ್ಟಿ. ಇಪ್ಪತ್ತೇ ಜನ ಬಂದರೂ ಸಾಕು. ಮಕ್ಕಳೂ ಬರಲಿ, ಮುದುಕರಿಗೆ ನಾಲ್ಕು ಕುರ್ಚಿ ಇರಲಿ. ನಿಮ್ಮ ನಕ್ಷೆಯನ್ನು ದಯವಿಟ್ಟು ಮನೆಯಲ್ಲೇ ಬಿಟ್ಟು ಹೋಗಿ. ಒಂದು ಡಬ್ಬಿ ಸುಣ್ಣದ ಪುಡಿ ಒಯ್ದರೆ ಆಯ್ತು. ಎಲ್ಲಿ ಏನು ಬೇಕು ಅಂತ ನೆಲದ ಮೇಲೆ ಅವರೇ ಗೆರೆ ಎಳೆಯಲಿ.